ಸಿಲಿಕಾನ್ ವ್ಯಾಲಿಯ ನಕಲು ಯುರೋಪಿನ ಊರುಗಳಿಗೆ ಒಗ್ಗುತ್ತದೆಯೇ?

ಲಂಡನ್ನಿನಲ್ಲೊಂದು ‘ಸಿಲಿಕಾನ್ ರೌಂಡ್‌ಅಬೌಟ್’ ಇದೆ. ಬರ್ಲಿನ್ನಿನಲ್ಲಿ ‘ಸಿಲಿಕಾನ್ ಅಲೇ’, ಡಬ್ಲಿನ್ನಿನಲ್ಲಿ ‘ಸಿಲಿಕಾನ್ ಡಾಕ್ಸ್’, ಕೇಂಬ್ರಿಜ್ ಸುತ್ತ ‘ಸಿಲಿಕಾನ್ ಫೆನ್’, ಡ್ರೆಸ್ಡೆನ್ ಕಡೆ ‘ಸಿಲಿಕಾನ್ ಸ್ಯಾಕ್ಸನಿ’. ಬೆಂಗಳೂರಿಗೂ ಇಂಥದೇ ಬಿರುದು ಅಂಟಿಕೊಂಡಿರುವುದರಿಂದ ನಮಗಿದು ಹೊಸತಲ್ಲ. ಹೆಸರನ್ನು ಕಡ ತರುವುದು ಸುಲಭ. ಹೆಸರಿನ ಹಿಂದಿರುವ ವ್ಯವಸ್ಥೆಯನ್ನು ತರಬಹುದೇ, ತರಬೇಕೇ ಎನ್ನುವುದು ಯುರೋಪಿನಲ್ಲಿ ದಶಕಗಳಿಂದ ಮುಗಿಯದ ವಾದ.

ಆ ವಾದಕ್ಕೆ ಈಗ ಮತ್ತೆ ಕಾವು ಬಂದಿದೆ. ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಗಿ 2024ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟಕ್ಕೆ ಒಂದು ವರದಿ ಕೊಟ್ಟರು. ಕಳೆದ 50 ವರ್ಷಗಳಲ್ಲಿ ಸೊನ್ನೆಯಿಂದ ಶುರುವಾಗಿ 10,000 ಕೋಟಿ ಯೂರೊ ಮೌಲ್ಯ ದಾಟಿದ ಒಂದೇ ಒಂದು ಕಂಪನಿ ಒಕ್ಕೂಟದಲ್ಲಿಲ್ಲ ಎಂದು ಅದು ಹೇಳಿತು. 2008ರಿಂದ 2021ರ ನಡುವೆ ಯುರೋಪಿನಲ್ಲಿ ಹುಟ್ಟಿ 100 ಕೋಟಿ ಡಾಲರ್ ಮೌಲ್ಯ ಮುಟ್ಟಿದ ಸ್ಟಾರ್ಟಪ್‌ಗಳಲ್ಲಿ ಶೇ 30ರಷ್ಟು ತಮ್ಮ ಮುಖ್ಯ ಕಚೇರಿಯನ್ನು ಹೊರಗೆ ಒಯ್ದಿದ್ದವು, ಹೆಚ್ಚಿನವು ಅಮೆರಿಕಕ್ಕೆ. ಮರುವರ್ಷ ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಬರ್ಲಿನ್, ಆಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್‌ಗಳ ಕೆಲಸ ನಮ್ಮ ಎಂಜಿನಿಯರುಗಳ ಲೆಕ್ಕಾಚಾರದೊಳಗೆ ಬಂದ ಮೇಲೆ, ಅಲ್ಲಿನ ಸ್ಟಾರ್ಟಪ್‌ಗಳು ಯಾವ ನೆಲದಲ್ಲಿ ನಿಂತಿವೆ ಎಂದು ತಿಳಿದಿರುವುದು ಒಳ್ಳೆಯದು.

ಸ್ಟಾರ್ಟಪ್ ಯಾವುದು, ಯಾವುದು ಅಲ್ಲ

ಹೊಸದಾಗಿ ತೆರೆದ ವ್ಯಾಪಾರಗಳೆಲ್ಲ ಸ್ಟಾರ್ಟಪ್ ಅಲ್ಲ. ಹೊಸ ದರ್ಶಿನಿ ಹೋಟೆಲು ಸ್ಟಾರ್ಟಪ್ ಅಲ್ಲ; ಎರಡನೇ ದರ್ಶಿನಿ ಬೇಕೆಂದರೆ ಮೊದಲನೆಯದಕ್ಕೆ ಹಾಕಿದಷ್ಟೇ ದುಡ್ಡು ಮತ್ತೆ ಹಾಕಬೇಕು. ಅಮೆರಿಕದ ಅರ್ಥದಲ್ಲಿ ಸ್ಟಾರ್ಟಪ್ ಎಂದರೆ ಮೊದಲ ಗಿರಾಕಿಗೆ ಅಪಾರ ಖರ್ಚಾಗಿ, ಹತ್ತು ಲಕ್ಷದನೇ ಗಿರಾಕಿಗೆ ಹೆಚ್ಚುಕಡಿಮೆ ಏನೂ ಖರ್ಚಾಗದ ವ್ಯವಹಾರ. ಸಾಫ್ಟ್‌ವೇರ್ ಇದಕ್ಕೆ ಹೇಳಿ ಮಾಡಿಸಿದ್ದು.

ಇಂಥ ವ್ಯವಹಾರಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಅಡವಿಡಲು ಜಮೀನಿಲ್ಲ, ಯಂತ್ರವಿಲ್ಲ, ಮೊದಲ ನಾಲ್ಕೈದು ವರ್ಷ ಕಂತು ಕಟ್ಟಲು ಆದಾಯವೂ ಇಲ್ಲ. ಹಾಗಾಗಿ ಬರುವುದು ವೆಂಚರ್ ಕ್ಯಾಪಿಟಲ್, ಕನ್ನಡದ ಪತ್ರಿಕೆಗಳು ಸಾಹಸ ಬಂಡವಾಳ ಎನ್ನುವ ಹಣ. ಹಳ್ಳಿಯ ಕೋರು ಬೇಸಾಯ ಗೊತ್ತಿದ್ದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಬಡ್ಡಿ ಇಲ್ಲ. ಬೆಳೆ ಹೋದರೆ ಕೊಟ್ಟವನ ದುಡ್ಡೂ ಹೋಯಿತು. ಬೆಳೆ ಬಂದರೆ ಅವನಿಗೊಂದು ಪಾಲು. ವ್ಯತ್ಯಾಸ ಒಂದೇ: ಕೋರಿನ ಯಜಮಾನ ವರ್ಷಕ್ಕೊಂದು ಬೆಳೆಯ ಪಾಲು ಕೇಳುತ್ತಾನೆ, ಈ ಹಣವನ್ನು ಒಟ್ಟುಗೂಡಿಸಿ ಹೂಡುವ ಫಂಡಿನವರು ಒಂದು ದಿನ ಜಮೀನನ್ನೇ ಮಾರಿ ಪಾಲು ಕೇಳುತ್ತಾರೆ. ಕಂಪನಿಯನ್ನು ದೊಡ್ಡ ಕಂಪನಿಗೆ ಮಾರಬೇಕು, ಇಲ್ಲವೇ ಷೇರುಪೇಟೆಗೆ ಇಳಿಸಬೇಕು. ಇದಕ್ಕೆ ‘ಎಕ್ಸಿಟ್’ ಎನ್ನುತ್ತಾರೆ.

10 ಕೋಟಿ ಯೂರೊ ಫಂಡಿನ ಲೆಕ್ಕ

ಈ ಮಾದರಿ ಏಕೆ ಹೀಗೆ ವರ್ತಿಸುತ್ತದೆ ಎಂದು ಅರ್ಥವಾಗಬೇಕಾದರೆ ಒಂದು ಫಂಡಿನ ಲೆಕ್ಕವನ್ನು ಕೈಯಾರೆ ಬಿಡಿಸಿ ನೋಡಬೇಕು. ಅಂಕಿಗಳು ಉದಾಹರಣೆಗೆ, ರೂಢಿಯಲ್ಲಿರುವ ಷರತ್ತುಗಳು ಮಾತ್ರ ಇವೇ.

ಫಂಡಿನ ಗಾತ್ರ 10 ಕೋಟಿ ಯೂರೊ, ಆಯುಸ್ಸು 10 ವರ್ಷ. ನಿರ್ವಹಣಾ ಶುಲ್ಕ ವರ್ಷಕ್ಕೆ ಶೇ 2. ಹತ್ತು ವರ್ಷಕ್ಕೆ 2 ಕೋಟಿ. ಹೂಡಲು ಉಳಿಯುವುದು 8 ಕೋಟಿ. ಇಪ್ಪತ್ತು ಕಂಪನಿಗಳಿಗೆ ಹಂಚಿದರೆ ತಲಾ 40 ಲಕ್ಷ. ಹಣ ಕೊಟ್ಟ ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು ಇಷ್ಟು ವರ್ಷ ದುಡ್ಡು ಕಟ್ಟಿಹಾಕಿದ್ದಕ್ಕೆ ಮೂರು ಪಟ್ಟು ನಿರೀಕ್ಷಿಸುತ್ತವೆ, ಅಂದರೆ 30 ಕೋಟಿ.

ಪ್ರತಿ ಕಂಪನಿಯಲ್ಲೂ ಫಂಡಿಗೆ ಮೊದಲಿಗೆ ಶೇ 20 ಪಾಲಿತ್ತು ಎನ್ನಿ. ಆಮೇಲೆ ಕಂಪನಿ ಇನ್ನೂ ಮೂರು ಸಲ ಹಣ ಎತ್ತುತ್ತದೆ, ಪ್ರತಿ ಸಲವೂ ಹೊಸಬರಿಗೆ ಶೇ 20 ಬಿಟ್ಟುಕೊಡುತ್ತದೆ. ಹಳೆಯ ಪಾಲು 20ರಿಂದ 16ಕ್ಕೆ, 12.8ಕ್ಕೆ, ಕೊನೆಗೆ 10.24ಕ್ಕೆ ಕರಗುತ್ತದೆ. ಶೇ 10ರ ಪಾಲಿನಿಂದ 30 ಕೋಟಿ ಬರಬೇಕೆಂದರೆ ಇಪ್ಪತ್ತೂ ಕಂಪನಿಗಳು ಒಟ್ಟು ಸುಮಾರು 300 ಕೋಟಿ ಯೂರೊಗೆ ಮಾರಾಟವಾಗಬೇಕು. ಅದರಲ್ಲಿ ಅರ್ಧ ಸತ್ತೇ ಹೋಗುತ್ತವೆ. ಮಾವಿನ ಮರ ಹೂ ಬಿಟ್ಟಷ್ಟೂ ಕಾಯಾಗುವುದಿಲ್ಲವಲ್ಲ, ಹಾಗೆ. ಉಳಿದವುಗಳಲ್ಲಿ ಒಂದೋ ಎರಡೋ ಇಡೀ ಫಂಡನ್ನು ಹೊರಬೇಕು.

ಈಗ ಒಬ್ಬಳು ತನ್ನ ಕಂಪನಿಯನ್ನು 4 ಕೋಟಿ ಯೂರೊಗೆ ಮಾರಿದಳು ಅನ್ನಿ. ಅವಳ ಪಾಲಿಗೆ ಅದು ಜೀವನ ಬದಲಿಸುವ ಹಣ. ಫಂಡಿಗೆ ಸಿಗುವುದು ಶೇ 10, ಅಂದರೆ 40 ಲಕ್ಷ, ಹಾಕಿದಷ್ಟೇ. ಫಂಡಿನ ಪುಸ್ತಕದಲ್ಲಿ ಅದು ಸೋಲು. ವರ್ಷಕ್ಕೆ 20 ಲಕ್ಷ ಲಾಭ ಮಾಡುತ್ತ, 60 ಜನರಿಗೆ ಕೆಲಸ ಕೊಟ್ಟು, ಊರಲ್ಲೇ ಮೂವತ್ತು ವರ್ಷ ನಿಲ್ಲಬಲ್ಲ ಯಂತ್ರೋಪಕರಣದ ಕಾರ್ಖಾನೆಗೆ ಫಂಡು ಒಲ್ಲೆ ಎನ್ನುವುದು ಈ ಲೆಕ್ಕದಿಂದ, ದುರಾಸೆಯಿಂದಲ್ಲ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್‌ನಿಂದ ಇಟಲಿಯ ಎಮಿಲಿಯಾ-ರೊಮಾನ್ಯಾವರೆಗೆ ಯುರೋಪಿನ ಬಲ ಇರುವುದೇ ಅಂಥ ಕಂಪನಿಗಳಲ್ಲಿ.

ಅಮೆರಿಕದ ಯಂತ್ರ, ಬಿಡಿಬಿಡಿಯಾಗಿ

ಗ್ಯಾರೇಜಿನಲ್ಲಿ ಇಬ್ಬರು ಹುಡುಗರು ಕಂಪನಿ ಕಟ್ಟಿದರು ಎಂಬ ಕಥೆಯಲ್ಲಿ ಗ್ಯಾರೇಜು ನಿಜ. ಹ್ಯೂಲೆಟ್ ಮತ್ತು ಪ್ಯಾಕಾರ್ಡ್ 1939ರಲ್ಲಿ ಪಾಲೊ ಆಲ್ಟೊದಲ್ಲಿ ಶುರು ಮಾಡಿದ್ದು ಅಲ್ಲೇ. ಆದರೆ ಗ್ಯಾರೇಜಿನ ಹೊರಗೆ ಏನಿತ್ತು ಎನ್ನುವುದೇ ಮುಖ್ಯ.

ಮೊದಲನೆಯದು ಗಿರಾಕಿ. 1957ರಲ್ಲಿ ವಿಲಿಯಂ ಶಾಕ್ಲಿಯ ಪ್ರಯೋಗಾಲಯ ಬಿಟ್ಟು ಹೊರಬಂದ ಎಂಟು ಜನ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಕಟ್ಟಿದರು. ಆಗಿನ ಚಿಪ್‌ಗಳು ವಿಪರೀತ ದುಬಾರಿ. ಅವನ್ನು ಕೊಂಡವರು ಮಿನಿಟ್‌ಮನ್ ಕ್ಷಿಪಣಿಯವರು, ಅಪೊಲೊ ನೌಕೆಯ ಕಂಪ್ಯೂಟರಿನವರು. ಸರ್ಕಾರ ಸಬ್ಸಿಡಿ ಕೊಡಲಿಲ್ಲ, ಮಾಲು ಕೊಂಡಿತು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಸಬ್ಸಿಡಿ ಪಡೆದವನು ಅರ್ಜಿ ಬರೆಯುವುದರಲ್ಲಿ ಪಳಗುತ್ತಾನೆ, ಮಾಲು ಮಾರಿದವನು ಮಾಲು ಮಾಡುವುದರಲ್ಲಿ.

ಎರಡನೆಯದು ಹಣ. ಆಧುನಿಕ ವೆಂಚರ್ ಕ್ಯಾಪಿಟಲ್‌ನ ಮೂಲಪುರುಷ ಎನ್ನಿಸಿಕೊಂಡ ಜಾರ್ಜ್ ದೊರಿಯೊ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಫ್ರೆಂಚರಿಗೆ ಇದು ಇವತ್ತಿಗೂ ಸ್ವಲ್ಪ ಹೊಟ್ಟೆಯುರಿಯ ಸಂಗತಿ. ಅವನ ಕಂಪನಿ 1957ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಸಂಸ್ಥೆಗೆ 70,000 ಡಾಲರ್ ಕೊಟ್ಟು ಶೇ 70 ಪಾಲು ಪಡೆದು ಕೋಟಿಗಟ್ಟಲೆ ಗಳಿಸಿತು. ಆದರೂ ಈ ವಹಿವಾಟು ದೊಡ್ಡದಾದದ್ದು 1979ರ ಮೇಲೆ. ಪಿಂಚಣಿ ನಿಧಿಗಳು ತಮ್ಮ ಹಣದಲ್ಲಿ ಒಂದು ಸಣ್ಣ ಭಾಗವನ್ನು ಇಂಥ ಅಪಾಯದ ಕಡೆಗೂ ಹಾಕಬಹುದು ಎಂದು ಅಮೆರಿಕದ ಕಾರ್ಮಿಕ ಇಲಾಖೆ ಆ ವರ್ಷ ನಿಯಮವನ್ನು ಬಿಡಿಸಿ ಹೇಳಿತು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಈ ದಾರಿಯೇ ಕಿರಿದು. ಅಲ್ಲಿ ಇವತ್ತು ದುಡಿಯುವವರು ಕಟ್ಟಿದ ಹಣ ಇವತ್ತಿನ ನಿವೃತ್ತರಿಗೇ ಹೋಗುತ್ತದೆ. ಹೂಡಲು ಒಟ್ಟುಗೂಡುವ ರಾಶಿ ಚಿಕ್ಕದು. ನೆದರ್ಲೆಂಡ್ಸ್, ಡೆನ್ಮಾರ್ಕ್‌ಗಳಲ್ಲಿ ದೊಡ್ಡ ಪಿಂಚಣಿ ನಿಧಿಗಳಿವೆ, ಆದರೆ ಅಲ್ಲಿ ತೊಡಕು ತಿರುಗುಮುರುಗು: ಸಾವಿರಾರು ಕೋಟಿ ಯೂರೊ ನಿಭಾಯಿಸುವ ನಿಧಿಗೆ 50 ಲಕ್ಷದ ಚೆಕ್ ಬರೆಯುವ ಶ್ರಮವೇ ದುಬಾರಿ. ಹೀಗಾಗಿ ಯುರೋಪಿನ ಫಂಡುಗಳಿಗೆ ದೊಡ್ಡ ಆಸರೆ ಐರೋಪ್ಯ ಹೂಡಿಕೆ ನಿಧಿ ಎಂಬ ಸರ್ಕಾರಿ ಸಂಸ್ಥೆ. ಚಿಕ್ಕ ಮೊತ್ತ ಊರಲ್ಲೇ ಸಿಗುತ್ತದೆ. ಹತ್ತು ಇಪ್ಪತ್ತು ಕೋಟಿ ಬೇಕಾದಾಗ ವಿಮಾನ ಹತ್ತಬೇಕು.

ಮೂರನೆಯದು ಜನರ ಓಡಾಟ. ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯ ಹತ್ತಿರ ಸೇರಕೂಡದು ಎಂಬ ಕರಾರು ಕ್ಯಾಲಿಫೋರ್ನಿಯದಲ್ಲಿ 1872ರಿಂದಲೇ ಊರ್ಜಿತವಲ್ಲ. ಫೇರ್‌ಚೈಲ್ಡ್‌ನಿಂದ ಹೊರಬಿದ್ದ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಜರ್ಮನಿಯಲ್ಲಿ ಎರಡು ವರ್ಷದವರೆಗೆ ಇಂಥ ಕರಾರು ಹಾಕಬಹುದು, ಆದರೆ ಆ ಅವಧಿಯಲ್ಲಿ ಹಳೆಯ ಸಂಬಳದ ಅರ್ಧವನ್ನಾದರೂ ಕೊಡುತ್ತಿರಬೇಕು. ನ್ಯಾಯವಾದ ನಿಯಮವೇ, ಅವಸರದ ನಿಯಮವಲ್ಲ.

ನಾಲ್ಕನೆಯದು ಹೊರದಾರಿ, ಅಂದರೆ ಎಕ್ಸಿಟ್. ಅಮೆರಿಕದಲ್ಲಿ ನ್ಯಾಸ್‌ಡ್ಯಾಕ್ ಷೇರುಪೇಟೆ 1971ರಿಂದಲೂ ಇದೆ, ಕೊಳ್ಳುವ ದೊಡ್ಡ ಕಂಪನಿಗಳೂ ಅಲ್ಲೇ ಇವೆ. ಯುರೋಪಿನಲ್ಲಿ ಪೇಟೆಗಳು ದೇಶಕ್ಕೊಂದರಂತೆ ಚದುರಿವೆ. ಸ್ಟಾಕ್‌ಹೋಮ್‌ನ ಸ್ಪಾಟಿಫೈ 2018ರಲ್ಲಿ, ಅದೇ ಊರಿನ ಪಾವತಿ ಕಂಪನಿ ಕ್ಲಾರ್ನಾ 2025ರಲ್ಲಿ ಇಳಿದದ್ದು ನ್ಯೂಯಾರ್ಕ್ ಪೇಟೆಗೆ. ಕೇಂಬ್ರಿಜ್‌ನ ಚಿಪ್ ವಿನ್ಯಾಸ ಕಂಪನಿ ಆರ್ಮ್ 2023ರಲ್ಲಿ ನ್ಯಾಸ್‌ಡ್ಯಾಕ್‌ಗೆ ಹೋಯಿತು.

ನೋಟರಿ ಓದುತ್ತಾನೆ, ಎಲ್ಲರೂ ಕೇಳುತ್ತಾರೆ

ಕಾನೂನಿನ ತೊಡಕು ಎಂದು ಎಲ್ಲರೂ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಅದು ಹೀಗಿರುತ್ತದೆ.

ಜರ್ಮನಿಯಲ್ಲಿ ಖಾಸಗಿ ಸೀಮಿತ ಕಂಪನಿಯ ಹೆಸರು ಗೇ-ಎಂ-ಬೇ-ಹಾ. ಕನಿಷ್ಠ ಬಂಡವಾಳ 25,000 ಯೂರೊ. ಅದರ ಷೇರು ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ನೋಟರಿ ಬೇಕು. ಕೋರ್ಟಿನ ಮುಂದೆ ಮೇಜು ಹಾಕಿಕೊಂಡು ಠಸ್ಸೆ ಒತ್ತುವ ನಮ್ಮ ನೋಟರಿಯಲ್ಲ ಅವನು. ನಮ್ಮ ಸಬ್‌ರಿಜಿಸ್ಟ್ರಾರ್ ಮತ್ತು ಹಿರಿಯ ವಕೀಲ ಇಬ್ಬರೂ ಒಬ್ಬನೇ ಆದರೆ ಹೇಗೋ ಹಾಗೆ. ಕರಾರುಪತ್ರವನ್ನು ಅವನು ಮೊದಲ ಪುಟದಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಕಾನೂನೇ ಹಾಗಿದೆ. ಹೂಡಿಕೆಯ ಕರಾರು ನೂರು ಪುಟವಿದ್ದರೆ ನೂರನ್ನೂ. ಕ್ಯಾಲಿಫೋರ್ನಿಯದ ಹೂಡಿಕೆದಾರ ಬರ್ಲಿನ್ನಿಗೆ ಬರಲಾಗದಿದ್ದರೆ ಮುಖ್ತ್ಯಾರನಾಮೆ ಮಾಡಿ, ಅದಕ್ಕೆ ತನ್ನೂರಿನಲ್ಲಿ ದೃಢೀಕರಣದ ಮುದ್ರೆ ಹಾಕಿಸಿ ಕಳಿಸಬೇಕು. ನೋಟರಿಯ ಶುಲ್ಕ ವ್ಯವಹಾರದ ಮೊತ್ತಕ್ಕೆ ತಕ್ಕಂತೆ ಏರುತ್ತದೆ. ಅತ್ತ ಅಮೆರಿಕದಲ್ಲಿ ಎಳೆಯ ಸ್ಟಾರ್ಟಪ್‌ಗಳಿಗೆ ಹಣ ಹೂಡುವ ವೈ ಕಾಂಬಿನೇಟರ್ ಸಂಸ್ಥೆ 2013ರಲ್ಲಿ ರೂಢಿಗೆ ತಂದ ‘ಸೇಫ್’ ಎಂಬ ಐದಾರು ಪುಟದ ಕರಾರಿಗೆ ಫೋನಿನಲ್ಲೇ ಸಹಿ ಹಾಕಿ ಹಣ ಕಳಿಸಬಹುದು.

ನೋಟರಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಷೇರಿನ ಒಡೆತನ ಯಾರದು ಎಂಬ ಜಗಳ ಜರ್ಮನಿಯಲ್ಲಿ ಅಪರೂಪ. ಆದರೆ ಇದೇ ನಿಯಮ ಒಕ್ಕೂಟದ 27 ದೇಶಗಳಲ್ಲಿ 27 ಬಗೆ. ಇವೆಲ್ಲಕ್ಕೂ ಪಕ್ಕದಲ್ಲಿ ಒಕ್ಕೂಟದ್ದೇ ಒಂದು ಕಂಪನಿ ಕಾನೂನು ಇರಲಿ, ಬೇಕಾದವರು ಅದನ್ನು ಆರಿಸಿಕೊಳ್ಳಲಿ ಎನ್ನುವ ಪ್ರಸ್ತಾಪಕ್ಕೆ ‘28ನೇ ವ್ಯವಸ್ಥೆ’ ಎಂಬ ಹೆಸರು ಬಂದದ್ದು ಇದರಿಂದಲೇ.

ನೋಟರಿಯ ನೆರಳು ನೌಕರರ ಮೇಲೂ ಬೀಳುತ್ತದೆ. ಅಮೆರಿಕದ ಸ್ಟಾರ್ಟಪ್ ಸಂಬಳ ಕಡಿಮೆ ಕೊಟ್ಟು ಷೇರಿನ ಹಕ್ಕು ಕೊಡುತ್ತದೆ. ಬೆಂಗಳೂರಿನಲ್ಲಿ ಇಸಾಪ್ ಎಂದರೆ ಎಲ್ಲರಿಗೂ ಗೊತ್ತು. ನಾಲ್ಕು ವರ್ಷದಲ್ಲಿ ಪೂರ್ತಿ ಕೈಸೇರುತ್ತದೆ, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟರೆ ಏನೂ ಇಲ್ಲ. ಪ್ರತಿ ನೌಕರನಿಗೂ ನೋಟರಿ ಮುಂದೆ ಷೇರು ಬರೆಸುವುದು ಆಗದ ಮಾತಾದ್ದರಿಂದ ಜರ್ಮನ್ ಕಂಪನಿಗಳು ‘ವರ್ಚುವಲ್ ಷೇರು’ ಕೊಡುತ್ತವೆ. ಅದು ಷೇರಲ್ಲ, ಕಂಪನಿ ಮಾರಾಟವಾದ ದಿನ ಇಂತಿಷ್ಟು ದುಡ್ಡು ಕೊಡುತ್ತೇವೆ ಎಂಬ ಮಾತು. ಮತದ ಹಕ್ಕಿಲ್ಲ. ಬರುವ ಹಣವನ್ನು ಸಂಬಳವೆಂದೇ ಎಣಿಸಿ ಶೇ 45ರವರೆಗೆ ತೆರಿಗೆ ಹಾಕುತ್ತಾರೆ. ಷೇರು ಮಾರಿದ ಲಾಭಕ್ಕಾದರೆ ಸಾಮಾನ್ಯವಾಗಿ ಶೇ 25. ನಿಜವಾದ ಷೇರು ಕೊಟ್ಟರೂ ಒಂದು ತೊಡಕಿತ್ತು, ನಮ್ಮಲ್ಲಿಯೂ ಇರುವಂಥದೇ: ಷೇರು ಕೈಗೆ ಬಂದ ಕ್ಷಣ, ಒಂದು ಪೈಸೆ ನಗದು ಕಾಣುವ ಮುನ್ನವೇ ತೆರಿಗೆ. 2024ರ ಜನವರಿಯಿಂದ ಜರ್ಮನಿ ಇದನ್ನು ಸಡಿಲಿಸಿ, 1,000ಕ್ಕಿಂತ ಕಡಿಮೆ ನೌಕರರಿರುವ ಕಂಪನಿಗಳಲ್ಲಿ ತೆರಿಗೆಯನ್ನು 15 ವರ್ಷದವರೆಗೆ ಮುಂದೂಡಲು ಬಿಟ್ಟಿದೆ.

ಬರ್ಲಿನ್ ಅಥವಾ ಮ್ಯೂನಿಕ್‌ನಿಂದ ಆಫರ್ ಲೆಟರ್ ಬಂದವರು ಮೂರು ಸಂಗತಿ ಕೇಳಬೇಕು. ಇದು ನಿಜವಾದ ಷೇರೋ ವರ್ಚುವಲ್ಲೋ? ಎಷ್ಟು ಷೇರು ಎನ್ನುವುದಕ್ಕಿಂತ, ಕಂಪನಿಯ ಒಟ್ಟು ಷೇರಿನಲ್ಲಿ ಶೇಕಡಾ ಎಷ್ಟು? ರಾಜೀನಾಮೆ ಕೊಟ್ಟರೆ ಅಷ್ಟರವರೆಗೆ ಕೂಡಿದ್ದು ಉಳಿಯುತ್ತದೆಯೇ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಬಿಟ್ಟವರಿಗೆ ಏನೂ ಇಲ್ಲ ಎಂಬ ಕರಾರು ಅಲ್ಲಿ ಮಾಮೂಲಾಗಿತ್ತು. ದುಡಿದು ಕೂಡಿಸಿದ ಹಕ್ಕು ರಾಜೀನಾಮೆಯೊಂದಿಗೆ ತಕ್ಷಣ ಅಳಿಯುವಂತೆ ಬರೆಯುವುದು ಸಲ್ಲದು ಎಂದು ಜರ್ಮನಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಹೇಳಿದೆ. ಹಳೆಯ ನಮೂನೆಯ ಕರಾರುಪತ್ರಗಳು ಮಾತ್ರ ಇನ್ನೂ ಓಡಾಡುತ್ತಿವೆ.

ನಕಲು ಮಾಡಿದಾಗ ಆದದ್ದು

ಜರ್ಮನಿ 1975ರಷ್ಟು ಹಿಂದೆಯೇ ಸರ್ಕಾರಿ ಬೆಂಬಲದ ವೆಂಚರ್ ಫಂಡ್ ಒಂದನ್ನು ತೆರೆದಿತ್ತು. ಬ್ಯಾಂಕುಗಳು ಹಣ ಹಾಕಲಿ ಎಂದು ನಷ್ಟದ ಶೇ 75ರವರೆಗೆ ತಾನೇ ಭರಿಸುವುದಾಗಿ ಸರ್ಕಾರ ಒಪ್ಪಿತು. ತಪ್ಪಿದ್ದೇ ಅಲ್ಲಿ. ಸೋತರೆ ನೋವಿಲ್ಲ ಎಂದಾದಾಗ ಆರಿಸುವವನಿಗೆ ಎಚ್ಚರ ಇರುವುದಿಲ್ಲ. ಆ ಪ್ರಯತ್ನ ನಷ್ಟದಲ್ಲೇ ಸೊರಗಿತು. ಇಸ್ರೇಲ್ 1993ರಲ್ಲಿ ಯೊಜ್ಮಾ ಎಂಬ ಯೋಜನೆ ತಂದಾಗ ಲೆಕ್ಕವನ್ನು ತಿರುಗಿಸಿತು: ನಷ್ಟಕ್ಕೆ ಭರವಸೆ ಇಲ್ಲ, ಗೆದ್ದರೆ ಸರ್ಕಾರದ ಪಾಲನ್ನು ಅಗ್ಗದಲ್ಲಿ ಕೊಂಡುಕೊಳ್ಳಿ. ಹೊರದೇಶದ ಅನುಭವಸ್ಥ ಫಂಡುಗಳು ಓಡಿ ಬಂದವು.

ಫ್ರಾಂಕ್‌ಫರ್ಟ್ 1997ರಲ್ಲಿ ನ್ಯಾಸ್‌ಡ್ಯಾಕ್ ಮಾದರಿಯಲ್ಲಿ ‘ನೊಯರ್ ಮಾರ್ಕ್ಟ್’ ಅಂದರೆ ಹೊಸ ಪೇಟೆ ತೆರೆಯಿತು. ಮೂರು ವರ್ಷ ಜಾತ್ರೆ. ಸುಳ್ಳು ಲೆಕ್ಕ ತೋರಿಸಿದ ಕಂಪನಿಗಳು ಒಂದೊಂದಾಗಿ ಬಯಲಾಗಿ, 2000ದ ಮಾರ್ಚ್‌ನಿಂದ ಬೆಲೆಗಳು ಪಾತಾಳಕ್ಕಿಳಿದು, 2003ರಲ್ಲಿ ಪೇಟೆ ಮುಚ್ಚಿತು. ಆಗ ಕೈ ಸುಟ್ಟುಕೊಂಡ ಒಂದು ತಲೆಮಾರು ಷೇರಿನ ಹೆಸರೆತ್ತಿದರೆ ಈಗಲೂ ಮುಖ ತಿರುಗಿಸುತ್ತದೆ. ಪೇಟೆಯ ಕಟ್ಟಡ ಬಂತು, ಕಂಪನಿಯ ಲೆಕ್ಕವನ್ನು ಓದಿ ಅಳೆಯುವ ಪಳಗಿದ ಕಣ್ಣುಗಳು ಸಾಕಷ್ಟು ಇರಲಿಲ್ಲ.

ಬರ್ಲಿನ್ನಿನ ಸಾಮ್ವರ್ ಸಹೋದರರು ನಕಲನ್ನೇ ವೃತ್ತಿ ಮಾಡಿಕೊಂಡರು. 1999ರಲ್ಲಿ ಈಬೇಯನ್ನು ಹೋಲುವ ಅಲಾಂಡೊ ಕಟ್ಟಿ, ಕೆಲವೇ ತಿಂಗಳಲ್ಲಿ ಅದನ್ನು ಈಬೇಗೇ ಮಾರಿದರು. 2007ರಲ್ಲಿ ಅವರು ತೆರೆದ ರಾಕೆಟ್ ಇಂಟರ್ನೆಟ್ ಅಮೆರಿಕದಲ್ಲಿ ಗೆದ್ದ ವ್ಯವಹಾರಗಳನ್ನು ಬೇರೆ ದೇಶಗಳಲ್ಲಿ ಬೇಗ ಎಬ್ಬಿಸುವ ಕಾರ್ಖಾನೆಯೇ ಆಗಿತ್ತು. ಜನ ಗೇಲಿ ಮಾಡಿದರು, ಆದರೆ ಅಲ್ಲಿ ಕೆಲಸ ಕಲಿತವರು ಹೊರಬಂದು ಬರ್ಲಿನ್ ತುಂಬ ಕಂಪನಿ ಕಟ್ಟಿದರು. ಗೋಡೆ ಬಿದ್ದ ಮೇಲೆ ಖಾಲಿ ಉಳಿದ ಕಟ್ಟಡಗಳೂ ಅಗ್ಗದ ಬಾಡಿಗೆಯೂ ಅವರಿಗೆ ನೆರವಾದವು. ಆ ಅಗ್ಗ ಈಗ ಇಲ್ಲ. ಕ್ರಾಯ್ಸ್‌ಬರ್ಗ್‌ನ ಹಳೆಯ ವಿದ್ಯುತ್ ಉಪಕೇಂದ್ರದಲ್ಲಿ ಸ್ಟಾರ್ಟಪ್ ಕ್ಯಾಂಪಸ್ ತೆರೆಯಲು ಹೊರಟ ಗೂಗಲ್, ಬಾಡಿಗೆ ಏರುತ್ತದೆ ಎಂದು ನೆರೆಹೊರೆಯವರು ಎಬ್ಬಿಸಿದ ಪ್ರತಿಭಟನೆಯ ನಡುವೆ 2018ರಲ್ಲಿ ಯೋಜನೆ ಕೈಬಿಟ್ಟು ಕಟ್ಟಡವನ್ನು ಸಮಾಜಸೇವಾ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು.

ಪ್ಯಾರಿಸ್ಸಿನ ಸ್ಟೇಷನ್ ಎಫ್ ಕಣ್ಣಿಗೆ ಕಾಣುವ ನಕಲುಗಳಲ್ಲಿ ಅತಿ ದೊಡ್ಡದು. 1920ರ ದಶಕದ ರೈಲ್ವೆ ಸರಕು ಮಂಟಪ, 34,000 ಚದರ ಮೀಟರ್, ಉದ್ಯಮಿ ಕ್ಸೇವಿಯೆ ನಿಯೆಲ್ ಅವರ ಹಣ, 2017ರಲ್ಲಿ ಆರಂಭ. ನೋಡಲು ಸೊಗಸಾಗಿದೆ. ಆದರೆ ಫ್ರಾನ್ಸ್‌ನ ಬಿಸಿಬಿಸಿ ಎಐ ಕಂಪನಿ ಮಿಸ್ತ್ರಾಲ್‌ನ ಬೇರು ಬೇರೆಡೆ ಇದೆ: ಅಲ್ಲಿನ ಗಣಿತಪ್ರಧಾನ ಕಾಲೇಜುಗಳಲ್ಲಿ ಮತ್ತು ಅಮೆರಿಕದ ಕಂಪನಿಗಳು ಪ್ಯಾರಿಸ್ಸಿನಲ್ಲಿ ತೆರೆದ ಸಂಶೋಧನಾ ಕೇಂದ್ರಗಳಲ್ಲಿ. ಅದರ ಸ್ಥಾಪಕರು ಗೂಗಲ್‌ನ ಡೀಪ್‌ಮೈಂಡ್ ಮತ್ತು ಮೆಟಾದಿಂದ ಬಂದವರು. 2023ರ ಮೊದಲ ದೊಡ್ಡ ಹೂಡಿಕೆಯ ಮುಂದಾಳು ಅಮೆರಿಕದ ಫಂಡು. 2025ರಲ್ಲಿ ದೊಡ್ಡ ಮೊತ್ತ ತಂದದ್ದು ಡಚ್ ಕಂಪನಿ ಎಎಸ್‌ಎಂಎಲ್.

ತಮ್ಮ ದಾರಿಯಲ್ಲಿ ಹೋದ ಊರುಗಳು

ಎಎಸ್‌ಎಂಎಲ್ ಎಂದೊಡನೆ ದ್ರಾಗಿ ವರದಿಯ ಆ ಮಾತಿಗೆ ಹಿಂದಿರುಗಬೇಕಾಗುತ್ತದೆ. ಅತಿ ಸೂಕ್ಷ್ಮ ಚಿಪ್ ಮುದ್ರಿಸುವ ಯಂತ್ರವನ್ನು ಲೋಕದಲ್ಲೇ ಒಬ್ಬಂಟಿಯಾಗಿ ಮಾಡುವ ಈ ಕಂಪನಿಯ ಮೌಲ್ಯ 10,000 ಕೋಟಿ ಯೂರೊ ದಾಟಿ ಎಷ್ಟೋ ಕಾಲವಾಯಿತು, ವಯಸ್ಸೂ 50 ಆಗಿಲ್ಲ. ಆದರೂ ಅದು ಆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ಸೊನ್ನೆಯಿಂದ ಹುಟ್ಟಿದ್ದಲ್ಲ. 1984ರಲ್ಲಿ ಫಿಲಿಪ್ಸ್ ತನ್ನ ಒಂದು ವಿಭಾಗವನ್ನು ಎಎಸ್‌ಎಂ ಎಂಬ ಕಂಪನಿಯೊಂದಿಗೆ ಸೇರಿಸಿ ಹುಟ್ಟುಹಾಕಿದ ಕೂಸು ಅದು. ಐಂಡ್‌ಹೋವನ್ ಪಕ್ಕದ ಫೆಲ್ಡ್‌ಹೋವನ್‌ನಲ್ಲಿ ನೆಲೆ. ಕನ್ನಡಿಗಳು ಜರ್ಮನಿಯ ಓಬರ್‌ಕೊಖನ್‌ನ ಜೈಸ್‌ನಿಂದ, ಲೇಸರ್ ಡಿಟ್‌ಸಿಂಗನ್‌ನ ಟ್ರುಂಫ್‌ನಿಂದ. ಮೂರೂ ಸಣ್ಣ ಊರುಗಳೇ. ಹತ್ತು ವರ್ಷದ ಫಂಡಿನ ಗಡಿಯಾರಕ್ಕೆ ಈ ಯಂತ್ರ ಸಿಗುತ್ತಿರಲಿಲ್ಲ; ಅತಿನೇರಳೆಯ ಕೊನೆಯಂಚಿನ ಬೆಳಕಿನಲ್ಲಿ ಮುದ್ರಿಸುವ ತಂತ್ರವನ್ನು ಪಳಗಿಸಲು ಎರಡು ದಶಕವೇ ಹಿಡಿಯಿತು.

ಎಸ್ಟೋನಿಯದ ರಾಜಧಾನಿ ತಾಲಿನ್ ಇನ್ನೊಂದು ಬಗೆ. ಎಸ್ಟೋನಿಯದ ಇಡೀ ಜನಸಂಖ್ಯೆ ಸುಮಾರು 13 ಲಕ್ಷ; ಮನೆಯ ಮಾರುಕಟ್ಟೆ ಎಂಬುದೇ ಇಲ್ಲ, ಮೊದಲ ದಿನದಿಂದ ಹೊರಗೆ ಮಾರಲೇಬೇಕು. ಕಂಪನಿಯ ಲಾಭವನ್ನು ಹಂಚಿದಾಗ ಮಾತ್ರ ತೆರಿಗೆ, ಒಳಗೇ ಹೂಡಿದರೆ ಇಲ್ಲ ಎಂಬ ನಿಯಮ 2000ದಲ್ಲಿ ಬಂತು. ಮರುವರ್ಷ ಸರ್ಕಾರಿ ದತ್ತಾಂಶಗಳನ್ನು ಜೋಡಿಸುವ ಎಕ್ಸ್-ರೋಡ್ ಜಾಲ, ಅದರ ಮರುವರ್ಷ ಡಿಜಿಟಲ್ ಗುರುತಿನ ಚೀಟಿ. ಇಲ್ಲೂ ಸರ್ಕಾರ ಮೊದಲ ಗಿರಾಕಿ. 2003ರ ಸ್ಕೈಪ್‌ನ ಯಜಮಾನರು ಒಬ್ಬ ಸ್ವೀಡಿಷ್, ಒಬ್ಬ ಡೇನಿಷ್. ಕೋಡ್ ಬರೆದದ್ದು ತಾಲಿನ್‌ನವರು. 2005ರಲ್ಲಿ ಈಬೇ ಅದನ್ನು 260 ಕೋಟಿ ಡಾಲರ್‌ಗೆ ಕೊಂಡಾಗ ಷೇರಿದ್ದ ಎಂಜಿನಿಯರುಗಳ ಕೈಗೆ ಹಣ ಬಂತು, ಅದು ಊರಲ್ಲೇ ಮತ್ತೆ ಹೂಡಿಕೆಯಾಯಿತು. ಸ್ಕೈಪ್‌ನ ಮೊದಲ ನೌಕರ ತಾವೆತ್ ಹಿನ್ರಿಕುಸ್ ಆಮೇಲೆ ಹಣ ರವಾನೆಯ ಕಂಪನಿ ವೈಸ್ ಕಟ್ಟಿದವರಲ್ಲೊಬ್ಬ. ಅಮೆರಿಕದಿಂದ ಎಸ್ಟೋನಿಯ ತಂದ ಬಿಡಿಭಾಗ ಇದೊಂದೇ ಎನ್ನಬಹುದು: ನೌಕರನಿಗೂ ಷೇರು.

ಸ್ವೀಡನ್ನಿನ ಎರಡು ಸಣ್ಣ ಕಾನೂನು ಗಮನಿಸತಕ್ಕವು. 1998ರ ಸುಧಾರಣೆಯಲ್ಲಿ ಸಂಬಳದಿಂದ ಕಂತು ಕಡಿಸಿ, ತೆರಿಗೆ ರಿಯಾಯಿತಿಯಲ್ಲಿ ಮನೆಗೆ ಕಂಪ್ಯೂಟರ್ ಪಡೆಯುವಂತಾಯಿತು. ಸ್ಪಾಟಿಫೈ, ಮೈನ್‌ಕ್ರಾಫ್ಟ್ ತಲೆಮಾರು ಬೆಳೆದದ್ದು ಇಂಥ ಮನೆಗಳಲ್ಲಿ. ಇನ್ನೊಂದು, ಸ್ವಂತ ಉದ್ಯಮ ಶುರು ಮಾಡಲು ಆರು ತಿಂಗಳ ಸಂಬಳರಹಿತ ರಜೆಯ ಹಕ್ಕು. ಸೋತರೆ ಹಳೆಯ ಕುರ್ಚಿ ಕಾದಿರುತ್ತದೆ. ಅಮೆರಿಕದಲ್ಲಿ ಕೆಲಸ ಬಿಟ್ಟವನು ಆರೋಗ್ಯ ವಿಮೆಯನ್ನೂ ಕಳೆದುಕೊಳ್ಳುವ ಭಯದಲ್ಲಿರುತ್ತಾನೆ. ಭದ್ರತೆ ಹೆಚ್ಚಾದರೆ ಸಾಹಸ ಕುಗ್ಗುತ್ತದೆ ಎಂಬ ಮಾತಿಗೆ ಸ್ಟಾಕ್‌ಹೋಮ್ ಒಳ್ಳೆಯ ಸಾಕ್ಷಿಯಲ್ಲ.

ನಗರಸಭೆಯ ಕೈಯಲ್ಲಿರುವುದು

ಮೇಲಿನ ಬಿಡಿಭಾಗಗಳನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪಿಂಚಣಿ, ತೆರಿಗೆ, ದಿವಾಳಿ ಕಾನೂನು, ಷೇರುಪೇಟೆ ಯಾವುದೂ ಮೇಯರ್ ಕೈಯಲ್ಲಿಲ್ಲ. ರಾಜಧಾನಿಗಳಲ್ಲಿ, ಬ್ರಸೆಲ್ಸ್‌ನಲ್ಲಿ ಇವೆ. ಅಲ್ಲಿ ನಿಧಾನವಾಗಿಯಾದರೂ ಕೆಲಸ ನಡೆದಿದೆ. ದಿವಾಳಿಯಾದ ಉದ್ಯಮಿ ಮೂರು ವರ್ಷದೊಳಗೆ ಸಾಲಮುಕ್ತನಾಗಬೇಕೆಂಬ 2019ರ ಒಕ್ಕೂಟದ ನಿರ್ದೇಶನ ಬಂದ ಮೇಲೆ ಜರ್ಮನಿ ಆರು ವರ್ಷವನ್ನು ಮೂರಕ್ಕಿಳಿಸಿತು. ನಗರದ ಕೈಯಲ್ಲಿರುವುದು ಟೆಂಡರ್, ಜಾಗ, ಮನೆ, ಬಸ್ಸು.

ಟೆಂಡರ್ ಚಿಕ್ಕ ವಿಷಯ ಎನ್ನಿಸಬಹುದು. ಒಕ್ಕೂಟದ ಒಟ್ಟು ಉತ್ಪನ್ನದ ಶೇ 14ರಷ್ಟು ಸಾರ್ವಜನಿಕ ಖರೀದಿ. ಹೊಸ ಕಂಪನಿ ಸೋಲುವುದು ಅರ್ಹತೆಯ ಪುಟದಲ್ಲಿ: ಹಿಂದಿನ ಮೂರು ವರ್ಷದ ವಹಿವಾಟು ತೋರಿಸಿ. ಗುತ್ತಿಗೆ ಮೌಲ್ಯದ ಎರಡು ಪಟ್ಟಿಗಿಂತ ಹೆಚ್ಚು ವಹಿವಾಟು ಸಾಮಾನ್ಯವಾಗಿ ಕೇಳುವಂತಿಲ್ಲ ಎಂದು 2014ರ ಒಕ್ಕೂಟದ ನಿಯಮವೇ ಹೇಳುತ್ತದೆ. 40 ಲಕ್ಷದ ಕೆಲಸವನ್ನು ಒಂದೇ ಗುತ್ತಿಗೆಯಾಗಿ ಕರೆದರೆ 80 ಲಕ್ಷದವರೆಗೆ ಕೇಳಬಹುದು. ಎಂಟು ತುಂಡು ಮಾಡಿದರೆ ತುಂಡೊಂದಕ್ಕೆ 10 ಲಕ್ಷದವರೆಗೆ ಮಾತ್ರ. ತುಂಡು ಮಾಡುವ ತೀರ್ಮಾನ ನಗರಸಭೆಯದೇ.

ಬೀದಿಯೂ ನಗರಸಭೆಯದೇ. ಬೇಡಿಕೆ ಇದೆಯೋ ಇಲ್ಲವೋ, ಮೊದಲು ಊರು ತುಂಬಿಬಿಡು ಎನ್ನುವ ಫಂಡಿನ ಲೆಕ್ಕ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರುಗಳ ರೂಪದಲ್ಲಿ ಪ್ಯಾರಿಸ್ಸಿನ ಫುಟ್‌ಪಾತಿಗೆ ಬಂದು ಬಿತ್ತು. 2023ರ ಏಪ್ರಿಲ್‌ನಲ್ಲಿ ನಗರ ಜನಮತ ಕೇಳಿತು. ಮತ ಹಾಕಿದವರು ಶೇ 8ಕ್ಕೂ ಕಡಿಮೆ, ಅವರಲ್ಲಿ ಶೇ 89 ಬೇಡವೆಂದರು. ಸೆಪ್ಟೆಂಬರ್‌ಗೆ ಸ್ಕೂಟರುಗಳು ಹೋದವು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಸುಮಾರು 10,000 ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್‌ನೊಳಗೆ ಮುಗಿಸುವುದಾಗಿ ಬಾರ್ಸಿಲೋನಾ ಹೇಳಿದೆ.

ಕೊನೆಗೆ ಎಲ್ಲವೂ ಮನೆಗೆ ಬಂದು ನಿಲ್ಲುತ್ತದೆ. ಸ್ಪಾಟಿಫೈ ಸ್ಥಾಪಕರು 2016ರಲ್ಲಿ ಬರೆದ ಬಹಿರಂಗ ಪತ್ರದ ಮುಖ್ಯ ದೂರುಗಳಲ್ಲಿ ಒಂದು ತೆರಿಗೆಯದಾದರೆ ಇನ್ನೊಂದು ಸ್ಟಾಕ್‌ಹೋಮ್‌ನಲ್ಲಿ ನೌಕರರಿಗೆ ಬಾಡಿಗೆ ಮನೆ ಸಿಗದಿರುವುದು. ಎಎಸ್‌ಎಂಎಲ್ ಬೇರೆಡೆ ಬೆಳೆಯುವ ಮಾತೆತ್ತಿದಾಗ ಡಚ್ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಬೆಥೋವನ್’ ಹೆಸರಿನಲ್ಲಿ 250 ಕೋಟಿ ಯೂರೊ ಯೋಜನೆ ಪ್ರಕಟಿಸಿತು. ಆ ಹಣ ಹೋಗುವುದು ಐಂಡ್‌ಹೋವನ್ ಸುತ್ತಲಿನ ಮನೆ, ರಸ್ತೆ-ರೈಲು, ವಿದ್ಯುತ್ ಜಾಲ ಮತ್ತು ತಾಂತ್ರಿಕ ಶಿಕ್ಷಣಕ್ಕೆ.

ಇದೇ ಲೆಕ್ಕ ಮಗುಚಿದ್ದು ಉತ್ತರ ಸ್ವೀಡನ್ನಿನ ಶೆಲೆಫ್ಟಿಯೊದಲ್ಲಿ. ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್ ಸಾಲ ಮತ್ತು ಷೇರು ಸೇರಿ ಸುಮಾರು 1,500 ಕೋಟಿ ಡಾಲರ್ ಎತ್ತಿತ್ತು. ಎಪ್ಪತ್ತು ಸಾವಿರ ಚಿಲ್ಲರೆ ಜನರ ಊರು ಹೊಸಬರಿಗಾಗಿ ಮನೆ, ಶಾಲೆ ಕಟ್ಟಲು ನಿಂತಿತು. ಬ್ಯಾಟರಿ ಸಾಫ್ಟ್‌ವೇರ್ ಅಲ್ಲ. ಎರಡನೇ ಸಾಲು ಯಂತ್ರಗಳಿಗೂ ಮೊದಲಿನಷ್ಟೇ ಹಣ ಬೇಕು, ಮತ್ತು ಹಾಳಾದ ಸರಕಿನ ಪ್ರಮಾಣ ಇಳಿಯುವವರೆಗೆ ಪ್ರತಿ ದಿನವೂ ನಷ್ಟ. ಮೊದಲ ಸಾಲೇ ಸರಿಯಾಗಿ ಓಡದಿರುವಾಗ ಕಂಪನಿ ಜರ್ಮನಿ, ಕೆನಡಾಗಳಲ್ಲೂ ಕಾರ್ಖಾನೆಗೆ ಕೈಹಾಕಿತು. 2024ರ ಜೂನ್‌ನಲ್ಲಿ ಬಿಎಂಡಬ್ಲ್ಯು 200 ಕೋಟಿ ಯೂರೊ ಆರ್ಡರ್ ರದ್ದು ಮಾಡಿತು, 2025ರ ಮಾರ್ಚ್ 12ರಂದು ಸ್ವೀಡನ್ನಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಫಂಡಿನ ಪುಸ್ತಕದಲ್ಲಿ ಇದು ಇಪ್ಪತ್ತರಲ್ಲೊಂದು ಹೂ ಉದುರಿದಂತೆ, ಉಳಿದ ಹತ್ತೊಂಬತ್ತು ಇವೆ. ಶೆಲೆಫ್ಟಿಯೊದ ಪುಸ್ತಕದಲ್ಲಿ ಇದ್ದದ್ದೇ ಒಂದು. ಕೆಲಸಕ್ಕೆಂದು ಹತ್ತಾರು ದೇಶಗಳಿಂದ ಬಂದವರಲ್ಲಿ ಅನೇಕರ ವಾಸದ ಪರವಾನಗಿ ನೌಕರಿಗೇ ಗಂಟುಬಿದ್ದಿತ್ತು. ಹೊಸ ಕೆಲಸ ಹುಡುಕಿಕೊಳ್ಳಲು ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳು.